ತಳ್ಳಿದ ಉಸಿರು

'ವೆಂಟಿಲೇಟರ್‌ಗೆ ಹಾಕಿದಾರಂತೆ' ಎಂಬ ಸುದ್ದಿ ಬೆಂಗಳೂರಿನ ಹೇರೋಹಳ್ಳಿಯ ಯಾವುದಾದರೂ ಕ್ರಾಸಿಗೆ ಬಂದರೆ ಅರ್ಧ ಜನ ಆಸೆ ಬಿಡುತ್ತಾರೆ. ಉಳಿದರ್ಧ, 'ಮಷೀನ್ ಇದೆಯಲ್ಲ, ಉಳಿಸುತ್ತೆ' ಎನ್ನುತ್ತಾರೆ. ಎರಡೂ ಪೂರ್ತಿ ಸರಿಯಲ್ಲ. ವೆಂಟಿಲೇಟರ್ ಯಾವ ಕಾಯಿಲೆಯನ್ನೂ ವಾಸಿ ಮಾಡುವುದಿಲ್ಲ. ನ್ಯುಮೋನಿಯಾಕ್ಕೆ ಕೊಟ್ಟ ಆಂಟಿಬಯಾಟಿಕ್, ಕೀಟನಾಶಕ ಕುಡಿದವರಿಗೆ ಕೊಟ್ಟ ಅಟ್ರೊಪಿನ್ ಕೆಲಸ ಮಾಡುವ ತನಕ ಜೀವ ಹಿಡಿದಿಡುತ್ತದೆ, ಅಷ್ಟೇ. ಅದೂ ಪುಕ್ಕಟೆಯಾಗಿ ಅಲ್ಲ.

ನಾವು ಉಸಿರೆಳೆಯುವಾಗ ಎದೆ, ಹೊಟ್ಟೆಗಳ ನಡುವಿನ ಸ್ನಾಯುಪರದೆಯಾದ ವಪೆ ಕೆಳಗಿಳಿದು ಎದೆಗೂಡು ಹಿಗ್ಗುತ್ತದೆ, ಗಾಳಿ ತಾನಾಗಿ ಒಳಗೆ ಬರುತ್ತದೆ. ಯಂತ್ರದ್ದು ತದ್ವಿರುದ್ಧ. ಶ್ವಾಸನಾಳಕ್ಕಿಳಿಸಿದ ಕೊಳವೆಯೊಳಗಿಂದ ಗಾಳಿಯನ್ನು ಒತ್ತಿ ನೂಕುತ್ತದೆ. 1952ರಲ್ಲಿ ಕೋಪನ್‌ಹೇಗನ್ನಿನಲ್ಲಿ ಪೋಲಿಯೊ ಹಾವಳಿಯಿಟ್ಟಾಗ, ಬ್ಯೋರ್ನ್ ಇಬ್ಸೆನ್ ಎಂಬ ವೈದ್ಯರ ಸಲಹೆಯಂತೆ ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಕುಳಿತು ರಬ್ಬರ್ ಚೀಲ ಹಿಚುಕಿ ರೋಗಿಗಳನ್ನು ಉಳಿಸಿದರು. ಅಂದಿನಿಂದ ನಮ್ಮ ಐಸಿಯುಗಳಲ್ಲಿ ನಡೆದಿರುವುದು ಈ ತಳ್ಳುವ ಉಸಿರೇ.

ತಳ್ಳಿದರೆ ಹಾನಿಯಾಗುತ್ತದೆ ಎಂದು ಗೊತ್ತಾಗಿದ್ದು ನಿಧಾನವಾಗಿ. 1974ರಲ್ಲಿ ವೆಬ್ ಮತ್ತು ಟಿಯರ್ನಿ ಆರೋಗ್ಯವಂತ ಇಲಿಗಳಿಗೆ ಭಾರೀ ಒತ್ತಡದಲ್ಲಿ ಗಾಳಿ ತುಂಬಿದಾಗ ಅವುಗಳ ಶ್ವಾಸಕೋಶದಲ್ಲಿ ಬೇಗನೆ ನೀರು ತುಂಬಿಕೊಂಡಿತು. ಕಾಯಿಲೆಯ ಶ್ವಾಸಕೋಶದ ಸ್ಥಿತಿ ಇನ್ನೂ ನಾಜೂಕು. ತೀವ್ರ ಸೋಂಕಿನಲ್ಲಿ ಅದರ ಬಹುಪಾಲು ಗಾಳಿಗೂಡುಗಳು ನೀರು ತುಂಬಿ ಮುಚ್ಚಿರುತ್ತವೆ. ದೊಡ್ಡವರ ಎದೆಯೊಳಗೆ ಗಾಳಿಗೆ ತೆರೆದಿರುವುದು ಐದಾರು ವರ್ಷದ ಮಗುವಿನದಷ್ಟೇ ಜಾಗ. ತಳ್ಳಿದ್ದೆಲ್ಲ ಆ ಪುಟ್ಟ ಭಾಗಕ್ಕೇ ನುಗ್ಗಿ ಅದನ್ನೂ ಹರಿಯುತ್ತದೆ.

2000ದಲ್ಲಿ ಅಮೆರಿಕದಲ್ಲಿ ಇಂಥ 861 ರೋಗಿಗಳ ಮೇಲೆ ನಡೆದ ಪರೀಕ್ಷೆ ಪ್ರಕಟವಾಯಿತು. ಪ್ರತಿ ಉಸಿರಿಗೆ ಕಿಲೋಗೆ 12 ಮಿಲಿಲೀಟರ್ ಗಾಳಿ ಪಡೆದವರಲ್ಲಿ ಸುಮಾರು ಶೇ 40 ಮಂದಿ ತೀರಿಕೊಂಡರು. 6 ಮಿಲಿಲೀಟರ್ ಪಡೆದವರಲ್ಲಿ ಶೇ 31. ಹೊಸ ಔಷಧವಿಲ್ಲ, ಹೊಸ ಯಂತ್ರವಿಲ್ಲ, ಗುಂಡಿ ಕಡಿಮೆ ತಿರುಗಿಸಿದ್ದಷ್ಟೇ. ಈ ಕಿಲೋ ಲೆಕ್ಕ ತಕ್ಕಡಿಯದಲ್ಲ, ಎತ್ತರದ್ದು. 170 ಸೆಂಟಿಮೀಟರ್ ಎತ್ತರದ ಗಂಡಸು 60 ಕಿಲೋ ಇರಲಿ, 100 ಇರಲಿ, ಲೆಕ್ಕಕ್ಕೆ ಹಿಡಿಯುವುದು 66. ಅಂದರೆ ಉಸಿರಿಗೆ ಸುಮಾರು 400 ಮಿಲಿಲೀಟರ್. ಹೊಟ್ಟೆ ಬೆಳೆದರೆ ಶ್ವಾಸಕೋಶ ಬೆಳೆಯುವುದಿಲ್ಲವಲ್ಲ!

ಕೊಳವೆಯ ತಾಪತ್ರಯ ಬೇರೆ. ಅದರ ಸುತ್ತಲಿನ ಬಲೂನು ಎಷ್ಟೇ ಉಬ್ಬಿದ್ದರೂ ಬಾಯಿಯ ಜೊಲ್ಲು ಸಂದಿಯಲ್ಲಿ ಕೆಳಗೆ ಜಿನುಗಿ ಹೊಸ ನ್ಯುಮೋನಿಯಾ ಹತ್ತಿಸಬಹುದು. ಹಾಸಿಗೆಯ ತಲೆಭಾಗ ಎತ್ತರಿಸುವುದು, ಬಾಯಿ ಶುಚಿ ಮಾಡುವುದು ಇದಕ್ಕೇ. ಇತ್ತ ಕೆಲಸವಿಲ್ಲದ ವಪೆ ಸೊರಗುತ್ತದೆ. ಮಿದುಳು ನಿಷ್ಕ್ರಿಯವಾಗಿ 18ರಿಂದ 69 ಗಂಟೆ ಯಂತ್ರದಲ್ಲಿದ್ದ ಅಂಗದಾನಿಗಳ ವಪೆಯ ಸ್ನಾಯುತಂತುಗಳು ಅರ್ಧಕ್ಕಿಂತ ಹೆಚ್ಚು ಕೃಶವಾಗಿದ್ದುದನ್ನು 2008ರ ಅಧ್ಯಯನ ತೋರಿಸಿತು. ಮೇಲೆ ನಿದ್ದೆಯ ಔಷಧ ಹೆಚ್ಚಾದರೆ ಎಚ್ಚರವಾದ ಮೇಲೂ ಮಂಕು, ಭ್ರಮೆ.

2020ರಲ್ಲಿ, ಕೋವಿಡ್ ಹೊತ್ತಿನಲ್ಲಿ, ಬೆಂಗಳೂರಿನ ಬಿಇಎಲ್ ಕಂಪನಿ ಮೈಸೂರಿನ ಸ್ಕ್ಯಾನ್‌ರೇ ಕಂಪನಿಯ ಜತೆ ಸೇರಿ 30,000 ವೆಂಟಿಲೇಟರ್ ತಯಾರಿಸಿತು. ದೊಡ್ಡ ಸಾಧನೆಯೇ. ಆದರೆ ಪ್ರತಿ ಯಂತ್ರದ ಪಕ್ಕ ಹಗಲೂ ರಾತ್ರಿ ಕಫ ಎಳೆಯುವ, ಬಾಯಿ ಒರೆಸುವ, ಮಗ್ಗುಲು ಬದಲಿಸುವ ನರ್ಸ್ ಬೇಕು. ಅವರನ್ನು ಕಾರ್ಖಾನೆಯಲ್ಲಿ ಮಾಡಲಾಗದು. ರಾಜಾಜಿನಗರದ ಇಎಸ್‌ಐ ಆಸ್ಪತ್ರೆಗೋ ವಿಕ್ಟೋರಿಯಾ ಆಸ್ಪತ್ರೆಗೋ ಓಡುವ ನಮ್ಮವರು ಕೇಳುವುದು 'ವೆಂಟಿಲೇಟರ್ ಬೆಡ್ ಇದೆಯಾ?' ಎಂದು. ಬೆಡ್ ಸಿಕ್ಕಿದ ಮೇಲೆ ದಿನಾ ಬೆಳಿಗ್ಗೆ ಡಾಕ್ಟರನ್ನು ಇನ್ನೊಂದು ಕೇಳಬಹುದು: 'ಸಾರ್, ಇವತ್ತು ನಿದ್ದೆ ಔಷಧ ನಿಲ್ಲಿಸಿ ನೋಡಿದ್ರಾ, ತಾನೇ ಉಸಿರಾಡ್ತಾರಾ?'