ಓಣಂ ರಜೆಗೊಂದು ಸಿನಿಮಾ, ದಸರೆಗೆ ಇನ್ನೊಂದು

ಕಾಸರಗೋಡಿನ ನಮ್ಮ ಬೆಳ್ಳೂರಿನ ಮಕ್ಕಳಿಗೆ ದಸರಾ ರಜೆ ಎಂದರೆ ಪುತ್ತೂರಿನ ನೆಂಟರ ಮಕ್ಕಳಿಗೆ ಸಿಗುವ ರಜೆ. ತಮಗೆ ದಕ್ಕುವುದು ನವರಾತ್ರಿಯ ಕೊನೆಗೆ ಪುಸ್ತಕವನ್ನು ಪೂಜೆಗಿಟ್ಟ ಎರಡು ಮೂರು ದಿನ ಮಾತ್ರ. ಅದಕ್ಕೆ ಪರಿಹಾರವೆಂಬಂತೆ ಓಣಂ ಪರೀಕ್ಷೆ ಮುಗಿದ ಕೂಡಲೇ ಹತ್ತು ದಿನ, ಕ್ರಿಸ್‌ಮಸ್ ಪರೀಕ್ಷೆ ಮುಗಿದ ಮೇಲೆ ಇನ್ನೊಂದು ಹತ್ತು ದಿನ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಕಥೆಯನ್ನು ದೊಡ್ಡವರು ವರ್ಷಕ್ಕೊಮ್ಮೆ ವೇದಿಕೆಯಲ್ಲಿ ಹೇಳುತ್ತಾರೆ. ಮಕ್ಕಳಿಗೆ ಅದು ಮೊದಲು ತಿಳಿಯುವುದು ರಜೆಯ ಪಟ್ಟಿಯಲ್ಲಿ.

ನಮ್ಮ ಪಂಚಾಯತಿನ ಅಂಚು ಪುತ್ತೂರು ತಾಲೂಕಿಗೆ ತಾಗಿಕೊಂಡೇ ಇದೆ. ಒಂದೇ ಗುಡ್ಡದ ಈಚೆ ಬದಿಯ ತೋಟ ಕೇರಳ, ಆಚೆ ಬದಿಯದು ಕರ್ನಾಟಕ. ಹೀಗಾಗಿ ದಸರೆಯಲ್ಲಿ ಬ್ಯಾಗು ಹೊತ್ತು ಅಜ್ಜನ ಮನೆಗೆ ಬಂದಿಳಿಯುವ ದೊಡ್ಡಮ್ಮನ ಮಕ್ಕಳು ಎಂಟು ಗಂಟೆಯಾದರೂ ಮುಸುಕು ತೆಗೆಯುವುದಿಲ್ಲ; ನಮ್ಮವರು ಅವರನ್ನು ದಾಟಿಕೊಂಡು ಯೂನಿಫಾರ್ಮ್ ಹುಡುಕಬೇಕು. 2025ರಲ್ಲಂತೂ ಶಿಕ್ಷಕರು ನಡೆಸುತ್ತಿದ್ದ ಜಾತಿ ಸಮೀಕ್ಷೆಯ ಕೆಲಸಕ್ಕೆಂದು ಕರ್ನಾಟಕ ಸರ್ಕಾರ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದಾಗ ಇಲ್ಲಿನ ಮಕ್ಕಳ ಹೊಟ್ಟೆಯುರಿ ನೋಡಬೇಕಿತ್ತು. ಓಣಂನಲ್ಲಿ ಅದಕ್ಕೆ ಪ್ರತೀಕಾರ: ಆಚೆಯವರು ತರಗತಿಯಲ್ಲಿ ಕೂತಿರುವಾಗ ಈಚೆಯವರು ಪ್ರವಾಸ ಹೊರಡುತ್ತಾರೆ. ಎರಡೂ ಕಡೆಯವರ ರಜೆ ಸರಿಯಾಗಿ ಹೊಂದುವುದು ಬೇಸಿಗೆಯಲ್ಲೊಮ್ಮೆ.

ಸಿನಿಮಾಗಳೂ ಇದೇ ಎರಡು ಪಂಚಾಂಗ ಹಿಡಿದು ಬರುತ್ತವೆ. ಮಲಯಾಳದ ದೊಡ್ಡ ಚಿತ್ರಗಳು ವಿಷುವಿಗೆ, ಓಣಂಗೆ, ಕನ್ನಡದವು ದಸರೆಗೆ. ಎರಡೂ ಭಾಷೆಗೆ ಕಿವಿ ಹೊಂದಿಸಿಕೊಂಡ ನಮಗೆ ಒಂದು ಟಿಕೆಟ್ಟಿನ ದುಡ್ಡು ಉಳಿಯುವ ಯೋಗವೇ ಇಲ್ಲ. ಹಾಗೆ ನೋಡಿದ ಕೆಲವು ಚಿತ್ರಗಳ ಬಗ್ಗೆ, ಅವು ನೆನಪಿಗೆ ತಂದ ಓಡಾಟಗಳ ಬಗ್ಗೆ ಇಲ್ಲಿ ಹರಟುತ್ತೇನೆ. ವಿಮರ್ಶೆ ಎಂದು ಯಾರೂ ತಿಳಿಯಬೇಕಾಗಿಲ್ಲ.

ನೀಲಿಯ ಬೆಂಗಳೂರು

2025ರ ಓಣಂ ಚಿತ್ರ 'ಲೋಕಃ' ಆಗಸ್ಟ್ 28ಕ್ಕೆ ಬಂತು. ಡೊಮಿನಿಕ್ ಅರುಣ್ ನಿರ್ದೇಶನ, ದುಲ್ಕರ್ ಸಲ್ಮಾನ್ ನಿರ್ಮಾಣ. ಕಳ್ಳಿಯಂಗಾಟು ನೀಲಿ ಎಂಬ ಹಳೆಯ ಯಕ್ಷಿಯನ್ನು ಚಂದ್ರಾ ಎಂಬ ಹೆಸರಿನಲ್ಲಿ ಇಂದಿನ ಬೆಂಗಳೂರಿಗೆ ತಂದು ನಿಲ್ಲಿಸಿದ್ದಾರೆ. ಯಕ್ಷಿಯನ್ನು ಹೆದರಿಸುವವಳಾಗಿ ಅಲ್ಲದೆ ಕಾಯುವವಳಾಗಿ ಕಂಡದ್ದು ಇಷ್ಟವಾಯಿತು. ಕಲ್ಯಾಣಿ ಪ್ರಿಯದರ್ಶನ್ ಹೆಚ್ಚು ಮಾತಿಲ್ಲದೆಯೇ ಚಿತ್ರವನ್ನು ಹೊತ್ತಿದ್ದಾರೆ. ಕಷ್ಟವಾದದ್ದು ಬೆಂಗಳೂರಿನ ವಿಷಯದಲ್ಲಿ. 'ಬೆಂಗಳೂರು ಡೇಸ್' (2014) ಬಂದಾಗ ಆ ಊರು ಮಲಯಾಳಿ ಯುವಕರ ಕನಸು. 'ಆವೇಶಂ' (2024) ಹೊತ್ತಿಗೆ ಅದು ರಂಗಣ್ಣನಂಥ ರೌಡಿಗಳ ಊರು. 'ಲೋಕಃ'ದಲ್ಲಿ ರಾತ್ರಿ, ಪಾರ್ಟಿ, ಅಂಗಾಂಗ ಕದಿಯುವ ಜಾಲ. ಬೆಂಗಳೂರಿನ ಹುಡುಗಿಯರ ಬಗೆಗಿನ ಒಂದು ಮಾತಿಗೆ ಕನ್ನಡಿಗರು ಸಿಟ್ಟಾದಾಗ ನಿರ್ಮಾಣ ಸಂಸ್ಥೆ ಕ್ಷಮೆ ಕೇಳಿ, ಸಂಭಾಷಣೆ ಬದಲಿಸುವುದಾಗಿ ಹೇಳಿತು. ಆ ವಾರ ಬೆಂಗಳೂರಿನ ಚಿಕ್ಕಪ್ಪ ಫೋನಿನಲ್ಲಿ "ನಿಮ್ಮ ಮಲಯಾಳದವರು" ಎಂದು ಶುರು ಮಾಡಿದರು. ಇಲ್ಲಿನ ಪಕ್ಕದ ಮನೆಯವರು "ನಿಮ್ಮ ಬೆಂಗಳೂರಿನವರು" ಎಂದರು. ನಮ್ಮದು ಯಾವುದೆಂದು ನಮ್ಮನ್ನು ಕೇಳಿದವರಿಲ್ಲ.

ಅದೇ ದುಲ್ಕರ್ ಸಂಸ್ಥೆ ಅದಕ್ಕೆ ಕೆಲವೇ ವಾರ ಮುಂಚೆ ಒಂದು ಕನ್ನಡ ಚಿತ್ರವನ್ನು ಮಲಯಾಳಕ್ಕೆ ತಂದಿತ್ತು ಎಂಬುದನ್ನು ಆ ಜಗಳದಲ್ಲಿ ಎಲ್ಲರೂ ಮರೆತಿದ್ದರು. ಅದು 'ಸು ಫ್ರಮ್ ಸೋ'.

ಸೋಮೇಶ್ವರದ ಸುಲೋಚನಾ

ಜುಲೈ 25ಕ್ಕೆ ಬಿಡುಗಡೆಯಾದ ಈ ಚಿತ್ರವನ್ನು ಬರೆದು, ನಿರ್ದೇಶಿಸಿ, ಮುಖ್ಯ ಪಾತ್ರವನ್ನೂ ಮಾಡಿದ ಜೆ.ಪಿ. ತುಮಿನಾಡು ಅವರ ಹೆಸರಿನಲ್ಲಿಯೇ ಮಂಜೇಶ್ವರದ ಊರೊಂದಿದೆ. ಜೊತೆಗೆ ನಟಿಸಿದ ಪ್ರಕಾಶ್ ತುಮಿನಾಡು, ದೀಪಕ್ ರೈ ಪಾಣಾಜೆ ಇಬ್ಬರೂ ಊರನ್ನು ಹೆಸರಿನಲ್ಲಿ ಹೊತ್ತವರೇ. ಪಾಣಾಜೆ ಎಂದರೆ ನಮಗೆ ಗಡಿಯಾಚೆ ಕೂಗಳತೆ. ಸೋಮೇಶ್ವರದ ಸುಲೋಚನಾ ಎಂಬವಳ ಪ್ರೇತ ಊರಿನ ಯುವಕನ ಮೈಮೇಲೆ ಬಂತೆಂಬ ಪುಕಾರಿನಿಂದ ಕಥೆ ಹೊರಡುತ್ತದೆ. ಸಮಾರಂಭದ ಮನೆಯಲ್ಲಿ ಕೆಲಸಕ್ಕಿಂತ ಹೆಚ್ಚು ಸಲಹೆ ಕೊಡುವ ಗಂಡಸರು, ಯಾವುದಕ್ಕೂ ಮುಂದೆ ನಿಲ್ಲುವ ರವಿ ಅಣ್ಣ, ಹೆದರಿಕೆಯನ್ನು ಮರೆಸಲು ದೊಡ್ಡ ದನಿ ಮಾಡುವವರು. ಇವರನ್ನೆಲ್ಲ ಬೆಳ್ಳೂರಿನಲ್ಲಿ ಹುಡುಕಲು ಕಷ್ಟಪಡಬೇಕಾಗಿಲ್ಲ. ನಗಿಸುತ್ತಲೇ ಸಾಗಿ, ದ್ವಿತೀಯಾರ್ಧದಲ್ಲಿ ಬದುಕಿರುವ ಹೆಣ್ಣೊಬ್ಬಳ ಸಂಕಟಕ್ಕೆ ತಿರುಗುವುದೇ ಚಿತ್ರದ ಹೆಚ್ಚುಗಾರಿಕೆ. ಆ ತಿರುವು ಸ್ವಲ್ಪ ಅವಸರದ್ದೆಂದು ನನ್ನ ದೂರು. ಸತ್ತವಳಿಗೆ ಕೊಟ್ಟ ಹೊತ್ತಿನಲ್ಲಿ ಅರ್ಧವನ್ನಾದರೂ ಬದುಕಿರುವವಳಿಗೆ ಕೊಡಬಹುದಿತ್ತು.

ಸೋಮೇಶ್ವರ ನಮಗೆ ಪ್ರೇತದ ಊರಾಗುವ ಮುಂಚೆ ಕಡಲಿನ ಊರು. ಮಂಗಳೂರಿಗೆ ಔಷಧಿಗೋ ಜವಳಿಗೋ ಹೋದ ದಿನ ಮಕ್ಕಳ ಹಟಕ್ಕೆ ಅಲ್ಲಿ ಇಳಿಯುವುದಿತ್ತು. ಬಂಡೆಯ ಮೇಲಿನ ಸೋಮನಾಥ ದೇವಸ್ಥಾನ, ಕೆಳಗೆ ಅಪ್ಪಳಿಸುವ ತೆರೆ, "ನೀರಿಗಿಳಿಯಬೇಡಿ" ಎಂಬ ಫಲಕದ ಪಕ್ಕದಲ್ಲೇ ನೀರಿಗಿಳಿದವರು. ಮರಳುವಾಗ ಕಾಯಬೇಕಾದ ಬಸ್ಸಿನಲ್ಲೂ ಎರಡು ಬಗೆ, ಎರಡರ ಮೈಮೇಲೂ ಕೆಎಸ್‌ಆರ್‌ಟಿಸಿ ಎಂದೇ ಬರಹ: ಒಂದು ಕೇರಳದ್ದು, ಇನ್ನೊಂದು ಕರ್ನಾಟಕದ್ದು. ಮೊದಲು ಬಂದದ್ದು ನಮ್ಮದು.

ದೈವ ಪರದೆಗೆ ಬಂದಾಗ

ಗಾಂಧಿ ಜಯಂತಿಯೂ ವಿಜಯದಶಮಿಯೂ ಒಟ್ಟಿಗೆ ಬಂದ 2025ರ ಅಕ್ಟೋಬರ್ 2ಕ್ಕೆ 'ಕಾಂತಾರ ಚಾಪ್ಟರ್ 1' ತೆರೆಕಂಡಿತು. ನಮ್ಮ ಮಕ್ಕಳಿಗೂ ಅಂದು ರಜೆ ಇದ್ದದ್ದರಿಂದ ಆ ಒಂದು ದಿನದ ಮಟ್ಟಿಗೆ ಎರಡೂ ಪಂಚಾಂಗ ಕೂಡಿದವು. ರಿಷಬ್ ಶೆಟ್ಟಿ, ರುಕ್ಮಿಣಿ ವಸಂತ್ ಜೊತೆಗೆ ಅರಸನ ಪಾತ್ರದಲ್ಲಿ ಮಲಯಾಳದ ಜಯರಾಂ. ಕಾಡು, ಕೋಟೆ, ಕಾಳಗ ಎಲ್ಲವೂ ಕಣ್ಣು ತುಂಬುವ ಹಾಗಿವೆ. ಆದರೆ ನನ್ನ ಓಟು 2022ರ ಮೊದಲ 'ಕಾಂತಾರ'ಕ್ಕೇ. ಅದರಲ್ಲಿ ಕೋಲದ ಅಂಗಳ ಅಳತೆಗೆ ಸಿಗುವಷ್ಟು ಚಿಕ್ಕದಿತ್ತು, ಎದುರಿಗೆ ಕೂತವರ ಮುಖ ಕಾಣುತ್ತಿತ್ತು. ಹೊಸದರಲ್ಲಿ ದೈವ ಬರುವುದಕ್ಕೆ ಮುಂಚೆಯೇ ಸದ್ದು ಬಂದಿರುತ್ತದೆ.

ಚಂದ್ರಗಿರಿ ಹೊಳೆಯ ಬಡಗಕ್ಕೆ ಭೂತಕೋಲ, ತೆಂಕಕ್ಕೆ ತೆಯ್ಯಂ ಎಂದು ಹೇಳುವ ರೂಢಿ. ಪಂಜುರ್ಲಿ ದೈವ ಎರಡೂ ಕಡೆ ಉಂಟು. ಮೊದಲ ಚಿತ್ರ ಬಂದಾಗ ತೆಂಕಣ ಜಿಲ್ಲೆಗಳಿಂದ ವರ್ಗವಾಗಿ ಬಂದ ಉದ್ಯೋಗಿಗಳೂ ಗುಳಿಗ ಯಾರು ಎಂದು ಕೇಳತೊಡಗಿದರು. ಅದಕ್ಕಿಂತ ಮುಂಚೆ ಕೋಲದ ರಾತ್ರಿ ಅವರಿಗೆ ನಿದ್ದೆಗೆಡಿಸುವ ಮೈಕು ಮಾತ್ರ. ಚಿತ್ರದಿಂದ ಆದ ಉಪಕಾರ ಅದು. ಅಪಕಾರವೂ ಆಯಿತು: ಥಿಯೇಟರಿನಲ್ಲಿ, ಬೀದಿಯಲ್ಲಿ ದೈವದ ವೇಷ ಹಾಕಿ ಕುಣಿಯುವವರು ಹುಟ್ಟಿಕೊಂಡರು, ಹಾಗೆ ಮಾಡಬೇಡಿ ಎಂದು ಚಿತ್ರತಂಡವೇ ಕೇಳಿಕೊಳ್ಳಬೇಕಾಯಿತು. ಬೇಸಿಗೆ ರಜೆಯಲ್ಲಿ, ಕೋಲಗಳ ಕಾಲ ಮುಗಿಯುವ ಪತ್ತನಾಜೆಗೆ ಮುಂಚಿನ ಕೋಲಗಳಿಗೆ ಬರುವ ಪೇಟೆಯ ಮೊಮ್ಮಕ್ಕಳು ಈಗ ಸಿನಿಮಾದಲ್ಲಿ ಕೇಳಿದ ಕೂಗು ಎಲ್ಲಿ ಬರುತ್ತದೆಂದು ಮೊಬೈಲು ಹಿಡಿದು ಕಾಯುತ್ತಾರೆ. ನಮ್ಮ ದೈವಕ್ಕೆ ಅಂಥ ಅವಸರವಿಲ್ಲ. ಬೆಳಗಿನ ಜಾವದವರೆಗೆ ಮನೆ ಮನೆಯ ದೂರು ಕೇಳುತ್ತಾ ಕೂರುತ್ತದೆ.

ನಮ್ಮನ್ನು ತೋರಿಸಿದವರು

ಕಾಸರಗೋಡನ್ನೇ ಕಥೆಯಾಗಿಸಿದ ಚಿತ್ರಗಳಲ್ಲಿ ಕನ್ನಡಿಗರಿಗೆ ಮೊದಲು ನೆನಪಾಗುವುದು ರಿಷಬ್ ಶೆಟ್ಟರ 'ಸರ್ಕಾರಿ ಹಿ.ಪ್ರಾ. ಶಾಲೆ, ಕಾಸರಗೋಡು'. 2018ರ ಆಗಸ್ಟ್ 24ಕ್ಕೆ ಬಂತು, ತಿರುವೋಣಂನ ಮುನ್ನಾದಿನ. ಕೇರಳ ಆಗ ಮಹಾಪ್ರವಾಹದಲ್ಲಿ ತತ್ತರಿಸಿ ಓಣಂ ಆಚರಣೆಯನ್ನೇ ಕೈಬಿಟ್ಟಿತ್ತು. ಚಿತ್ರಕ್ಕೆ ಮಕ್ಕಳ ವಿಭಾಗದ ರಾಷ್ಟ್ರ ಪ್ರಶಸ್ತಿ ಬಂತು. ಕನ್ನಡ ಶಾಲೆಗೆ ಕನ್ನಡ ಬಾರದ ಅಧ್ಯಾಪಕ ಬಂದರೆ ಮಕ್ಕಳ ಗತಿಯೇನು ಎಂಬ ನಮ್ಮ ನಿಜವಾದ ನೋವನ್ನು ಬೆಂಗಳೂರಿನವರಿಗೆ ಮುಟ್ಟಿಸಿದ ಪುಣ್ಯ ಅದರದ್ದು. ಆದರೆ ಮಲಯಾಳದ ಮೇಷ್ಟ್ರನ್ನು ನಗೆಪಾಟಲು ಮಾಡಿದ ರೀತಿ ನನಗೆ ಹಿಡಿಸಲಿಲ್ಲ. ತಪ್ಪು ಆದೇಶ ಹೊರಡಿಸಿದವರದ್ದು. ಹೊಟ್ಟೆಪಾಡಿಗೆ ದೂರದಿಂದ ಬಂದವರದ್ದಲ್ಲ.

ಆ ಚಿತ್ರದಲ್ಲಿ ಸಹಾಯ ಹುಡುಕಿ ಹೊರಟವರು ಮೈಸೂರಿಗೆ ಹೋಗುತ್ತಾರೆ. ಓಣಂ ರಜೆಯಲ್ಲಿ ಬೆಳ್ಳೂರಿನವರ ಪ್ರವಾಸವೂ ಹೆಚ್ಚಾಗಿ ಅಲ್ಲಿಗೇ: ಮುಳ್ಳೇರಿಯ, ಸುಳ್ಯ, ಮಡಿಕೇರಿ ದಾಟಿ. ಆ ಹೊತ್ತಿಗೆ ದಸರೆಯ ಆನೆಗಳು ಕಾಡಿನಿಂದ ಅರಮನೆಗೆ ಬಂದಿರುತ್ತವೆ. ಬೆಳಿಗ್ಗೆ ಅವು ಬನ್ನಿಮಂಟಪದ ದಾರಿಯಲ್ಲಿ ತಾಲೀಮಿಗೆ ಹೊರಡುವುದನ್ನು ರಸ್ತೆಬದಿಯಲ್ಲಿ ಹಾಯಾಗಿ ನಿಂತು ನೋಡಬಹುದು. ಜಂಬೂಸವಾರಿ ಟಿವಿಯಲ್ಲಿ, ತಾಲೀಮು ಕಣ್ಣೆದುರು. ಅಂಬಾರಿಯಿಲ್ಲದ ಆನೆಯ ಕಿವಿ, ಬೆನ್ನು, ನಡಿಗೆ ಎಲ್ಲ ಚೆನ್ನಾಗಿ ಕಾಣುತ್ತವೆ. ಮಾವುತ ಗದರುವುದೂ ಕೇಳುತ್ತದೆ. ನೂಕುನುಗ್ಗಲಿನ ಮೆರವಣಿಗೆಗಿಂತ ಅದೇ ಮೇಲು ಎಂದು ನಮ್ಮ ಮಕ್ಕಳಿಗೆ ಹೇಳಿ ಒಪ್ಪಿಸಿದ್ದೇವೆ. ಹೇಳಿದ್ದು ಸುಳ್ಳೂ ಅಲ್ಲ.

ಮಲಯಾಳದವರು ನಮ್ಮನ್ನು ಕಂಡ ಬಗೆಗೆ 'ತೊಂಡಿಮುದಲುಂ ದೃಕ್‌ಸಾಕ್ಷಿಯುಂ' (2017) ನೋಡಬೇಕು. ಜಾತಿ ಮೀರಿ ಮದುವೆಯಾದ ಜೋಡಿ ತೆಂಕಣ ವೈಕಂ ಕಡೆಯಿಂದ ಕಾಸರಗೋಡಿಗೆ ಬಂದು ಬೇಸಾಯಕ್ಕಿಳಿಯುತ್ತದೆ. ಬಸ್ಸಿನಲ್ಲಿ ತಾಳಿಸರ ಕಳ್ಳತನವಾಗಿ ಪ್ರಕರಣ ಶೇಣಿಯ ಪೊಲೀಸ್ ಠಾಣೆ ಸೇರುತ್ತದೆ. ಕಳ್ಳನಾಗಿ ಫಹದ್ ಫಾಸಿಲ್ ರಾಷ್ಟ್ರ ಪ್ರಶಸ್ತಿ ಪಡೆದರು. ಪೊಲೀಸರ ಪಾತ್ರಕ್ಕೆ ನಿಜ ಪೊಲೀಸರನ್ನೇ ಹಾಕಿದ ಆ ಚಿತ್ರವನ್ನು ನಾನು ಎಷ್ಟು ಸಲ ಬೇಕಾದರೂ ನೋಡಬಲ್ಲೆ. ಒಂದೇ ಕೊರಗು: ಶೇಣಿ ಎಂದರೆ ನಮಗೆ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆ ನೆನಪಾಗುವ ಊರು. ಅಂಥ ಊರಿನ ಠಾಣೆಯಲ್ಲಿ ಕನ್ನಡ, ತುಳು ನನ್ನ ಕಿವಿಗೆ ಸಾಕಷ್ಟು ಬೀಳಲಿಲ್ಲ. ಊರು ಬಿಟ್ಟು ಓಡಿದವರು ತಲುಪುವ ಕಟ್ಟಕಡೆಯ ಜಾಗ ಎಂಬುದು ತೆಂಕಣವರ ಕಣ್ಣಿನ ಕಾಸರಗೋಡು. ಇಲ್ಲೇ ಹುಟ್ಟಿದವರಿಗೆ ಅದು ಕಡೆಯೂ ಅಲ್ಲ, ಮೊದಲೂ ಅಲ್ಲ.

ಸರಿಯಾಗಿ ಕೇಳಿಸಿಕೊಂಡದ್ದು ಕಾಞಂಗಾಡಿನ ಸೆನ್ನಾ ಹೆಗ್ಡೆ. 2018ರಲ್ಲಿ 'ಕಥೆಯೊಂದು ಶುರುವಾಗಿದೆ' ಎಂಬ ಕನ್ನಡ ಚಿತ್ರ ಮಾಡಿ, ಆಮೇಲೆ ತನ್ನೂರಿಗೆ ಮರಳಿ 'ತಿಂಗಳಾಳ್ಚ ನಿಶ್ಚಯಂ' (2021) ಮಾಡಿದರು. ಒಂದು ಮನೆ, ಒಂದು ನಿಶ್ಚಿತಾರ್ಥದ ಗಡಿಬಿಡಿ, ಅಷ್ಟೇ ಕಥೆ. ಮಾತು ಪೂರ್ತಿ ಕಾಞಂಗಾಡಿನದ್ದು. ಕೊಟ್ಟಾಯದವರಿಗೆ ಅರ್ಥವಾಗಲೆಂದು ಅದನ್ನು ತಿದ್ದಿಲ್ಲ. ಅದೇ ಧೈರ್ಯ 'ನ್ನಾ ತಾನ್ ಕೇಸ್ ಕೊಡ್' (2022) ಚಿತ್ರಕ್ಕೂ ಇತ್ತು. ಅದರಲ್ಲಿ ನ್ಯಾಯಾಧೀಶನ ಪಾತ್ರ ಮಾಡಿದ ಶಾಲಾ ಅಧ್ಯಾಪಕರಾಗಿದ್ದ ಪಿ.ಪಿ. ಕುಞಿಕೃಷ್ಣನ್ ರಾಜ್ಯ ಪ್ರಶಸ್ತಿ ಗೆದ್ದರು.

ಕೋಟೆ ಯಾರದ್ದು?

ನೆಂಟರು ಬಂದರೆ ತೋರಿಸಲು ಜಿಲ್ಲೆಯಲ್ಲಿ ಮೊದಲ ಹೆಸರು ಬೇಕಲ ಕೋಟೆ. ಹೋದವರೆಲ್ಲ ಕೇಳುವುದು 1995ರ 'ಬಾಂಬೆ' ಚಿತ್ರದ ಮಳೆಯ ಹಾಡು ಎಲ್ಲಿ ತೆಗೆದದ್ದು ಎಂದು. ಕಡಲಿಗೆ ಚಾಚಿದ ಬುರುಜನ್ನು ತೋರಿಸಿದರೆ ಅಲ್ಲಿ ಕೈಚಾಚಿ ಫೋಟೊ. ಕೋಟೆಯನ್ನು 17ನೆಯ ಶತಮಾನದಲ್ಲಿ ಕಟ್ಟಿಸಿದವನು ಇಕ್ಕೇರಿಯ ಶಿವಪ್ಪ ನಾಯಕ ಎಂದು ಹೇಳಲು ಹೊರಟರೆ ಮಕ್ಕಳು ಅಷ್ಟರಲ್ಲಿ ಐಸ್‌ಕ್ರೀಮಿನ ಕಡೆ ಓಡಿರುತ್ತಾರೆ. ಮಣಿರತ್ನಂಗೆ ಬೇಕಾದದ್ದು ಮಳೆ, ಕಡಲು, ಕಲ್ಲು. ಮೂರನ್ನೂ ಅವರು ಸುಂದರವಾಗಿ ಬಳಸಿಕೊಂಡರು. ಅಲ್ಲಿ ನಮ್ಮ ಊರು ಬರೀ ಹಿನ್ನೆಲೆ. ಕಾಞಂಗಾಡಿನ ಚಿತ್ರಗಳಲ್ಲಿ, 'ಸು ಫ್ರಮ್ ಸೋ'ದಲ್ಲಿ ಊರೇ ಮಾತಾಡುತ್ತದೆ. ಯಾವುದು ಎಷ್ಟು ದಿನ ಉಳಿಯಿತೆಂದು ಕೇಳಿದರೆ, ನಮ್ಮ ಮನೆಯಲ್ಲಿ ಈಗ ಊಟದ ನಡುವೆ ಹೇಳಿ ನಗುವ ಸಂಭಾಷಣೆಗಳೆಲ್ಲ ಎರಡನೆಯ ಬಗೆಯ ಚಿತ್ರಗಳವು.

ಪ್ರವಾಸದಲ್ಲೂ ಹಾಗೆಯೇ ಎನಿಸುತ್ತದೆ. ಕೊಲ್ಲೂರಿನಲ್ಲಿ ನವರಾತ್ರಿಯ ಸಂತೆಯಂಥ ಜನದಲ್ಲಿ ಮಲಯಾಳಿ ಭಕ್ತರಿಗೂ ಹೋಟೆಲಿನ ಹುಡುಗನಿಗೂ ನಡುವೆ ನಿಂತು ದುಭಾಷಿ ಕೆಲಸ ಮಾಡಿದ ದಿನ ನನಗೆ ಮೂಕಾಂಬಿಕೆಯ ದರ್ಶನದಷ್ಟೇ ನೆನಪಿದೆ. ಅನಂತಪುರದ ಕೆರೆಯಲ್ಲಿ 2022ರ ಅಕ್ಟೋಬರಿನಲ್ಲಿ ತೀರಿಕೊಂಡ ಮೊಸಳೆ ಬಬಿಯಾ ಒಮ್ಮೆಯೂ ನಮಗೆ ಕಾಣಿಸಲಿಲ್ಲ. ಆದರೆ "ಈಗ ಬರುತ್ತದೆ, ಈಗ ಬರುತ್ತದೆ" ಎಂದು ನಾಲ್ಕು ಭಾಷೆಯಲ್ಲಿ ಭರವಸೆ ಕೊಟ್ಟ ಅಪರಿಚಿತರು ನೆನಪಿದ್ದಾರೆ. ಗಡಿಯಾಚೆಯ ಪಡುಮಲೆಗೆ, ಕೋಟಿ ಚೆನ್ನಯರ ನೆಲಕ್ಕೆ ಹೋದಾಗ ದಾರಿ ತಪ್ಪದೆ ಮುಟ್ಟಿಸಿದ್ದು ಫಲಕವಲ್ಲ, ಅಡಿಕೆ ಹೊರಿಸಿಕೊಂಡು ನಿಂತ ಜೀಪಿನವರು.

ಇನ್ನು ಒಂದು ಆಸೆ ಉಳಿದಿದೆ. ರೇಷನ್ ಅಂಗಡಿಯ ಸಾಲಿನಲ್ಲಿ ತುಳುವಿನಲ್ಲಿ ಶುರುವಾಗಿ, ಕನ್ನಡದಲ್ಲಿ ಏರಿ, ಮಲಯಾಳದಲ್ಲಿ ಮುಗಿಯುವ ಜಗಳ ಇಲ್ಲಿ ದಿನಾ ನಡೆಯುತ್ತದೆ. ಮರಾಠಿ ಮಾತಾಡುವವರು ಪಕ್ಕದಲ್ಲಿ ನಿಂತು ತೀರ್ಪು ಕೊಡುತ್ತಾರೆ. ಅದನ್ನು ಇದ್ದ ಹಾಗೆಯೇ ಸಿನಿಮಾ ಮಾಡುವವರು ಯಾರಾದರೂ ಬರಲಿ. ಕೊಚ್ಚಿಯವರು ಮಾಡಲಿ, ಬೆಂಗಳೂರಿನವರು ಮಾಡಲಿ, ತಕರಾರಿಲ್ಲ. ಬಿಡುಗಡೆ ಮಾತ್ರ ಎಪ್ರಿಲ್‌ನಲ್ಲಿ ಇಟ್ಟುಕೊಳ್ಳಿ. ಆಗ ಮಾತ್ರ ದೊಡ್ಡಮ್ಮನ ಮಕ್ಕಳಿಗೂ ನಮ್ಮವರಿಗೂ ಒಂದೇ ಸಾಲಿನಲ್ಲಿ ಸೀಟು ಬೇಕಾಗುವುದು.