ನಿಮಗಿದು ಗೊತ್ತೆ? ಉತ್ತರದ ಕಿಟಕಿಗೂ ಮಧ್ಯಾಹ್ನದ ಬಿಸಿಲು!

ಉತ್ತರದ ಕಿಟಕಿಗೆ ನಡುಹಗಲಿನ ಬಿಸಿಲು ತಾಗುವುದೇ ಇಲ್ಲ ಎಂಬ ಮಾತು ದೆಹಲಿಗೆ ಸರಿ, ಬೆಂಗಳೂರಿಗಲ್ಲ. 13 ಡಿಗ್ರಿ ಉತ್ತರ ಅಕ್ಷಾಂಶದ ಈ ಊರಲ್ಲಿ ಏಪ್ರಿಲ್ ಕೊನೆಯ ವಾರ ನೆತ್ತಿ ದಾಟುವ ಸೂರ್ಯ, ಆಗಸ್ಟ್ ಮಧ್ಯದವರೆಗೂ ಮಧ್ಯಾಹ್ನ ಉತ್ತರದ ಕಡೆಗೇ ಇರುತ್ತಾನೆ. ಅಷ್ಟು ಎತ್ತರದ ಬಿಸಿಲಿಗೆ ಸಣ್ಣ ಸಜ್ಜಾ ಸಾಕು. ಉಳಿದ ತಿಂಗಳು ಅಲ್ಲಿ ಬರುವುದು ಕಣ್ಣು ಕುಕ್ಕದ, ಹದವಾದ ಬೆಳಕು. ಚಿತ್ರಕಾರರು ಬಯಸುವುದು ಅದನ್ನೇ; ಹಳೆಯ ಕಾರ್ಖಾನೆಗಳ ಗರಗಸದ ಹಲ್ಲಿನಂಥ ಮಾಡಿನಲ್ಲಿ ಗಾಜನ್ನು ಉತ್ತರಕ್ಕೆ ಕೂರಿಸಿದ್ದೂ ಅದಕ್ಕೇ.

ದಕ್ಷಿಣವೂ ಒಳ್ಳೆಯದೇ. ಡಿಸೆಂಬರ್ 21ರ ಮಧ್ಯಾಹ್ನವೂ ಬೆಂಗಳೂರಿನ ಸೂರ್ಯ ಸುಮಾರು 53 ಡಿಗ್ರಿ ಎತ್ತರದಲ್ಲಿರುತ್ತಾನೆ. 2 ಅಡಿಯ ಸಜ್ಜಾ ತನ್ನ ಕೆಳಗಿನ ಎರಡೂವರೆ ಅಡಿಗಿಂತ ಹೆಚ್ಚು ಗೋಡೆಗೆ ಆಗ ನೆರಳು ಕೊಡುತ್ತದೆ.

ತೊಂದರೆಯೆಲ್ಲ ಪಶ್ಚಿಮದ್ದು. ಸಂಜೆಯ ಓರೆ ಬಿಸಿಲು ಸಜ್ಜಾದ ಅಡಿಯಿಂದಲೇ ಒಳನುಗ್ಗುತ್ತದೆ. ಅಲ್ಲಿ ಬಿದಿರಿನ ತಟ್ಟಿಯೋ, ಹೊರಗೊಂದು ಮರವೋ ಬೇಕು. ವಾಸ್ತು ನೋಡಿ ನೈಋತ್ಯಕ್ಕೆ ಮಲಗುವ ಕೋಣೆ ಇಡುವವರು ಇದನ್ನು ಮರೆಯಲೇಬಾರದು.

ಇನ್ನು, ಬೆಳಕು ಕೋಣೆಯ ಒಳಗೆ ದೂರ ಹೋಗಬೇಕಾದರೆ ಕಿಟಕಿಯನ್ನು ಅಗಲ ಮಾಡುವುದಕ್ಕಿಂತ ಎತ್ತರಿಸಿ. ಕಿಟಕಿಯ ಮೇಲಂಚು 7 ಅಡಿಗಿದ್ದರೆ ಸುಮಾರು 14 ಅಡಿ ಒಳಗಿನವರೆಗೂ ಓದಿಕೊಳ್ಳುವಷ್ಟು ಬೆಳಕು ಸಿಗುತ್ತದೆ.