ತೂಕಕ್ಕಿಂತ ಮೊದಲು ಸೊಂಟ ಅಳೀರಿ

ಐರೋಲಿ, ಪೊವಾಯಿ ಕಡೆಯ ನಮ್ಮ ಐಟಿ ಹುಡುಗರು ಕೆಲಸದ ಜೊತೆಗೇ ಟೆರಿಟೋರಿಯಲ್ ಆರ್ಮಿ ಅಧಿಕಾರಿ ಆಗ್ಬೇಕು ಅಂದಾಗ ನಾನು ಮೊದಲು ಕೇಳೋದು ತೂಕ ಅಲ್ಲ, ಸೊಂಟದ ಸುತ್ತಳತೆ.

ಯಾಕೆ? 2004ರ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪುಣೆಯ ಡಾ. ಯಾಜ್ಞಿಕ್, ಲಂಡನ್ನಿನ ಡಾ. ಯುಡ್ಕಿನ್ ಜೋಡಿ ಫೋಟೋ ಬಂತು. ಇಬ್ಬರದ್ದೂ ಬಿಎಂಐ 22.3. ಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇ. 9.1, ಯಾಜ್ಞಿಕ್‌ಗೆ ಶೇ. 21.2!

ಸೇನೆಗೂ ಇದು ಗೊತ್ತು. ಎತ್ತರ-ತೂಕದ ಪಟ್ಟಿ ಮೀರಿದ ಕುಸ್ತಿಪಟುವಿಗೂ ಬಿಎಂಐ 25ರೊಳಗೆ, ಸೊಂಟ 90 ಸೆಂ.ಮೀ.ಗಿಂತ ಕಡಿಮೆ ಇರ್ಬೇಕು, ಹೆಂಗಸರಿಗೆ 80.

ಪ್ಯಾಂಟಿನ ಸೈಜ್ ನಂಬಬೇಡಿ, ಅದು ಹೊಟ್ಟೆ ಕೆಳಗೆ ಕೂತಿರುತ್ತೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪ್ ಸುತ್ತಿ, ಸಹಜವಾಗಿ ಉಸಿರು ಬಿಟ್ಟು ಅಳೀರಿ. ಹೊಟ್ಟೆ ಒಳಗೆಳ್ಕೋಬೇಡಿ. ಅಳತೆ ಬರೆದಿಡಿ, ಅರ್ಜಿ ಆಮೇಲೆ.